ಏಳು ಗಂಟೆ ಮೂವತ್ತೈದು ನಿಮಿಷ: ಪೀಣ್ಯದ ಒಂದು ಬೋಲ್ಟ್ ಪ್ರಕರಣ

ಈ ಪ್ರಕರಣದ ಕಂಪನಿ, ಗ್ರಾಹಕ, ಪ್ಲೇಟಿಂಗ್ ಘಟಕ ಯಾವುದಕ್ಕೂ ಇಲ್ಲಿ ಹೆಸರಿಲ್ಲ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಕೆಲವು ವಿವರಗಳನ್ನೂ ಬದಲಿಸಲಾಗಿದೆ. ನಿರ್ಧಾರಗಳು ಬಂದ ಕ್ರಮವನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಕಲಿಯಬೇಕಾದ್ದು ಇರುವುದು ಆ ಕ್ರಮದಲ್ಲೇ.

ಹಿನ್ನೆಲೆ

ಪೀಣ್ಯ ಎರಡನೇ ಹಂತದಲ್ಲಿ 58 ಜನರಿರುವ ಕುಟುಂಬದ ಕಂಪನಿ, ವರ್ಷಕ್ಕೆ ಸುಮಾರು 11 ಕೋಟಿ ವಹಿವಾಟು. ಸ್ಥಾಪಕರು ಒಂದು ಹಳೆಯ ಲೇತ್ ಇಟ್ಟುಕೊಂಡು ಶುರು ಮಾಡಿದವರು, ಈಗ ಎಪ್ಪತ್ತು ದಾಟಿದ್ದಾರೆ. ಎಂ.ಡಿ. ಕುರ್ಚಿಯಲ್ಲಿ ಮಗಳು ಕೂತು ಆರು ವರ್ಷ. ಅಪ್ಪ ಬೆಳಗ್ಗೆ ಬಂದು ದೇವರ ಪಟಕ್ಕೆ ಹೂವಿಟ್ಟು, ಶಾಪ್ ಫ್ಲೋರ್ ಒಂದು ಸುತ್ತು ಹಾಕಿ ಹೋಗುತ್ತಾರೆ. ಆದರೆ ದೊಡ್ಡ ವಿಷಯ ಬಂದರೆ ಅವರ ಮಾತು ಇನ್ನೂ ನಡೆಯುತ್ತದೆ.

ವ್ಯಾಪಾರದ ಶೇ. 40 ಒಬ್ಬನೇ ಗ್ರಾಹಕನದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ಒಂದರ ಮೇಲೊಂದು ಕಾರು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್ ಕಟ್ಟುವ ಕಂಪನಿ ಅದು. ಅದಕ್ಕೆ ಹೋಗುವ ಸಾಮಾನುಗಳಲ್ಲಿ ಒಂದು, ಮೇಲಿನ ಪ್ಯಾಲೆಟ್ಟನ್ನು ಎತ್ತುವ ಚೈನಿನ ಬ್ರಾಕೆಟ್ಟನ್ನು ಫ್ರೇಮಿಗೆ ಹಿಡಿಯುವ ಎಂ-16 ಬೋಲ್ಟ್. ಪ್ಯಾಲೆಟ್ಟಿಗೆ ನಾಲ್ಕು. ಗ್ರೇಡ್ 12.9, ಅಂದರೆ ಎಚ್‌ಆರ್‌ಸಿ ಎಂಬ ಗಡಸುತನದ ಅಳತೆಯಲ್ಲಿ 39ರಿಂದ 44. ಮೇಲೆ ಜಿಂಕ್ ಪ್ಲೇಟಿಂಗ್. ಪ್ಲೇಟಿಂಗ್ ಕೆಲಸ ಹೊರಗಿನ ಜಾಬ್‌ವರ್ಕ್.

ಬೋಲ್ಟ್ ಇಷ್ಟು ಗಡಸಾಗಿದ್ದಾಗ ಪ್ಲೇಟಿಂಗ್‌ನಲ್ಲಿ ಒಂದು ಅಪಾಯವಿದೆ. ಆಸಿಡ್ಡಿನಲ್ಲಿ ತೊಳೆಯುವಾಗ, ಆಮೇಲೆ ತೊಟ್ಟಿಯಲ್ಲಿ ಕರೆಂಟ್ ಹಾಯಿಸುವಾಗ, ಹೈಡ್ರೋಜನ್ ಉಕ್ಕಿನೊಳಗೆ ಇಳಿಯುತ್ತದೆ. ಮೇಲೆ ಕೂತ ಜಿಂಕ್ ಪದರ ಅದನ್ನು ಹೊರಗೆ ಬಿಡುವುದಿಲ್ಲ. ಬೋಲ್ಟ್ ಬಿಗಿದಾಗ ಎಳೆತ ಹೆಚ್ಚಿರುವ ಕಡೆಗೆ, ಅಂದರೆ ತಲೆಯ ಕೆಳಗಿನ ತಿರುವಿಗೆ ಅಥವಾ ಥ್ರೆಡ್ಡಿನ ಬುಡಕ್ಕೆ, ಹೈಡ್ರೋಜನ್ ಸರಿದು ಸೇರುತ್ತದೆ. ಗಂಟೆಗಳೋ ದಿನಗಳೋ ಕಳೆದ ಮೇಲೆ, ಬಗ್ಗದೆ ಹಿಗ್ಗದೆ, ತಲೆ ಟಪ್ಪೆಂದು ಬೀಳುತ್ತದೆ. ಇದನ್ನು ತಪ್ಪಿಸಲು ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ, ಪ್ಯಾಸಿವೇಶನ್ ಬಣ್ಣ ಕೊಡುವ ಮುಂಚೆಯೇ, ಬೋಲ್ಟನ್ನು ಓವನ್ನಿಗೆ ಹಾಕಬೇಕು. ಈ ಡ್ರಾಯಿಂಗ್‌ನಲ್ಲಿ ಬರೆದದ್ದು 200 ಡಿಗ್ರಿ, 8 ಗಂಟೆ. ಪೀಣ್ಯದ ಮಾತಿನಲ್ಲಿ ಇದಕ್ಕೆ ಬರೀ ‘ಬೇಕಿಂಗ್’. ಬೇಕ್ ಆದ ಬೋಲ್ಟಿಗೂ ಆಗದ ಬೋಲ್ಟಿಗೂ ನೋಡಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಳತೆ, ಗಡಸುತನ, ಹೊಳಪು ಎಲ್ಲ ಪಾಸ್. ಆದ್ದರಿಂದ ಬೇಕಿಂಗ್ ಎಂಬುದು ಸಾಮಾನಿನಲ್ಲಿ ಕಾಣುವುದೇ ಇಲ್ಲ, ಕಾಗದದಲ್ಲಿ ಮಾತ್ರ ಕಾಣುತ್ತದೆ. ಕಾಗದ ಸುಳ್ಳಾದರೆ ಅಲ್ಲಿಗೆ ಮುಗಿಯಿತು.

ಸೋಮವಾರ

ಲಾಟಿಗೆ 720ರಂತೆ ಮೂರು ಲಾಟ್, 2,160 ಬೋಲ್ಟ್ ರವಾನೆಯಾಗಿದ್ದವು. ಪ್ರತಿ ಲಾಟಿನಿಂದ ಎಂಟು ಬೋಲ್ಟನ್ನು ಸ್ಯಾಂಪಲ್ ಅಂತ ಎತ್ತಿಟ್ಟಿದ್ದರು. ಒಬ್ಬ ಟ್ರೈನಿ ಶನಿವಾರ ಸಂಜೆ ಆರಕ್ಕೆ ಅದರಲ್ಲಿ ಎರಡನ್ನು ತೆಗೆದು ಮಿಲ್ಲಿಂಗ್ ಫಿಕ್ಸ್ಚರಿಗೆ ಹಾಕಿ, ಉದ್ದ ಸ್ಪ್ಯಾನರಿನಲ್ಲಿ ಬಿಗಿದು ಮನೆಗೆ ಹೋದ. ಸ್ಯಾಂಪಲ್ ಮುಟ್ಟಬಾರದಿತ್ತು ನಿಜ. ಅವನು ಮುಟ್ಟದಿದ್ದರೆ ಈ ಪ್ರಕರಣವೂ ಇರುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಎಂಟೂವರೆಗೆ ಒಂದು ಬೋಲ್ಟಿನ ತಲೆ ನೆಲದ ಮೇಲೆ ಬಿದ್ದಿತ್ತು.

‘ಜಾಸ್ತಿ ಬಿಗಿದಿದ್ದಾನೆ’ ಎಂದರು ಪ್ರೊಡಕ್ಷನ್ ಮ್ಯಾನೇಜರ್. ಕ್ವಾಲಿಟಿ ಎಂಜಿನಿಯರ್ ಎರಡು ವರ್ಷದ ಅನುಭವದ ಹುಡುಗ. ಜಾಸ್ತಿ ಬಿಗಿದು ಮುರಿದದ್ದಾದರೆ ಬಿಗಿಯುವಾಗಲೇ ಮುರಿಯಬೇಕು, ಒಂದೂವರೆ ದಿನ ಬಿಟ್ಟು ಮುರಿಯುವುದಿಲ್ಲ ಎಂಬುದು ಅವನ ತಲೆಗೆ ಹೊಳೆಯಿತು. ಗಡಸುತನ ನೋಡಿದ: 42, ಸರಿಯಾಗೇ ಇದೆ. ಮುರಿದ ಮುಖ ಸಕ್ಕರೆಯಂತೆ ಹರಳುಹರಳಾಗಿ ಮಿನುಗುತ್ತಿತ್ತು, ಎಲ್ಲೂ ಸಣ್ಣಗಾಗಿ ಹಿಗ್ಗಿದ ಗುರುತಿರಲಿಲ್ಲ. ಫೈಲಿನಿಂದ ಮೂರು ಲಾಟಿನ ಬೇಕಿಂಗ್ ಚಾರ್ಟ್, ಅಂದರೆ ಓವನ್ನಿನ ಶಾಖ ಗೀರಾಗಿ ದಾಖಲಾಗುವ ಕಾಗದ, ತೆಗೆದು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದ. ಗೀರುಗಳು ಒಂದರ ಮೇಲೊಂದು ಕೂತವು. ಒಂದೇ ಚಾರ್ಟಿನ ಮೂರು ಜೆರಾಕ್ಸ್, ಬೇರೆ ಬೇರೆ ತಾರೀಖು.

ಆಮೇಲೆ ಅವನು ಮಾಡಿದ ಕೆಲಸ ಈ ಪ್ರಕರಣದ ಜಾಣತನದ ಭಾಗ. ಗೇಟಿಗೆ ಹೋಗಿ ಸೆಕ್ಯೂರಿಟಿಯ ಪುಸ್ತಕ ಕೇಳಿದ. ಮೊದಲ ಲಾಟ್ ಬೆಳಗ್ಗೆ 9.40ಕ್ಕೆ ಹೊರಗೆ ಹೋಗಿ ಅದೇ ದಿನ ಸಂಜೆ 5.15ಕ್ಕೆ ವಾಪಸ್: ಏಳು ಗಂಟೆ ಮೂವತ್ತೈದು ನಿಮಿಷ. ಎರಡನೆಯದು 10.05ಕ್ಕೆ ಹೋಗಿ 6.30ಕ್ಕೆ ವಾಪಸ್: ಎಂಟು ಗಂಟೆ ಇಪ್ಪತ್ತೈದು ನಿಮಿಷ. ಟೆಂಪೋ ಓಡಾಟ, ಆಸಿಡ್ ತೊಳೆತ, ಪ್ಲೇಟಿಂಗ್, ಪ್ಯಾಸಿವೇಶನ್ ಎಲ್ಲ ಸೇರಿ ಕಡಿಮೆಯೆಂದರೂ ಎರಡು ಗಂಟೆ ಬೇಕು. ಅದರೊಳಗೆ 8 ಗಂಟೆಯ ಬೇಕಿಂಗ್ ಎಲ್ಲಿಂದ ಬಂತು? ಮೂರನೇ ಲಾಟ್ ಮಾತ್ರ ಮರುದಿನ ಬಂದಿತ್ತು.

ಬೇಕಿಂಗ್ ಆಗಿದೆ ಎಂಬ ಸರ್ಟಿಫಿಕೇಟು ಸುಳ್ಳು ಎಂದು ತಿಳಿಯಲು ಲ್ಯಾಬ್ ಬೇಕಿರಲಿಲ್ಲ, ಕೂಡುವುದು ಕಳೆಯುವುದು ಸಾಕಿತ್ತು. ಆ ಲೆಕ್ಕ ಕಂಪನಿಯ ಸ್ವಂತ ಗೇಟಿನಲ್ಲೇ, ಸ್ವಂತ ಪುಸ್ತಕದಲ್ಲೇ ಇತ್ತು. ಸರ್ಟಿಫಿಕೇಟಿನ ಕೆಳಗೆ ಇದ್ದದ್ದು ಅದೇ ಹುಡುಗನ ಸಹಿ. ಅವನು ಮಧ್ಯಾಹ್ನ ಎಂ.ಡಿ. ಕೋಣೆಗೆ ಹೋಗಿ ಮೊದಲು ಹೇಳಿದ್ದೇ ಅದನ್ನು.

ಪ್ಲೇಟಿಂಗ್ ಘಟಕದಲ್ಲಿ ಕಂಡದ್ದು

ಮಂಗಳವಾರ ಬೆಳಗ್ಗೆ ಎಂ.ಡಿ. ಸ್ವತಃ ಹೋದರು. ಘಟಕದ ಮಾಲೀಕ ಹದಿನೈದು ನಿಮಿಷದಲ್ಲಿ ಒಪ್ಪಿಕೊಂಡ. ಓವನ್ನಿನ ಮೂರು ಕಾಯಿಲ್‌ಗಳಲ್ಲಿ ಎರಡು ಸುಟ್ಟು ಎರಡು ತಿಂಗಳಾಗಿತ್ತು. 140 ಡಿಗ್ರಿ ದಾಟುತ್ತಿರಲಿಲ್ಲ. ಹಾಗಾಗಿ ಮೂರನೇ ಲಾಟಿಗೆ ಸಮಯ ಸಿಕ್ಕಿದ್ದರೂ ಶಾಖ ಸಿಕ್ಕಿರಲಿಲ್ಲ.

ಯಾಕೆ ರಿಪೇರಿ ಮಾಡಿಸಲಿಲ್ಲ ಎಂದರೆ ಅವನು ಎರಡು ವಸ್ತು ತೋರಿಸಿದ. ಒಂದು, ಬಿಲ್ ಪುಸ್ತಕ. ಕೆಜಿಗೆ 19 ರೂಪಾಯಿಯ ರೇಟು ನಾಲ್ಕು ವರ್ಷದಿಂದ ಹಾಗೇ ಇದೆ. 150 ಕೆಜಿಯ ಲಾಟಿಗೆ 2,850 ರೂಪಾಯಿ, ಬೇಕಿಂಗ್ ಕರೆಂಟು ಅದರಲ್ಲೇ. ಆ ಬಿಲ್ಲುಗಳೂ 97 ದಿನದಿಂದ ಬಾಕಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು. ತನ್ನ ದೊಡ್ಡ ಗ್ರಾಹಕ ತಡಮಾಡಿದಾಗ ಇದೇ ಕಾಯ್ದೆಯ ಹೆಸರು ಹೇಳಿ ಪತ್ರ ಬರೆದ ಕಂಪನಿ ಇದು.

ಎರಡನೆಯದು ವಾಟ್ಸಾಪ್. ಪ್ರೊಡಕ್ಷನ್ ಮ್ಯಾನೇಜರಿಂದ ಬಂದ ಸಂದೇಶ: ‘ಇವತ್ತು ಸಂಜೆಯೊಳಗೆ ಬೇಕು. ರಾತ್ರಿ ಲೋಡಿಂಗ್ ಇದೆ.’ ಎಂಟು ಗಂಟೆ ಬೇಕಾಗುವ ಕೆಲಸವನ್ನು ಏಳೂವರೆ ಗಂಟೆಯಲ್ಲಿ ಕೇಳಿದವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೋಸ ಹೋದವರು ನಾವು ಎಂದುಕೊಂಡು ಹೋದ ಎಂ.ಡಿ. ಆ ಮೋಸದಲ್ಲಿ ತಮ್ಮದೂ ಪಾಲಿದೆ ಎಂದು ತಿಳಿದುಕೊಂಡು ವಾಪಸಾದರು.

ಮೊದಲ ನಿರ್ಧಾರ, ಅದು ತಪ್ಪಿದ ರೀತಿ

ಮಂಗಳವಾರ ಸಂಜೆ ನಾಲ್ವರು ಕೂತರು, ವಕೀಲರು ಫೋನಿನಲ್ಲಿ. ಗ್ರಾಹಕನ ಸ್ಟೋರಿನಲ್ಲಿ 940 ಬೋಲ್ಟ್. ಉಳಿದ 1,220 ಆಗಲೇ 19 ಅಪಾರ್ಟ್‌ಮೆಂಟ್‌ಗಳ 305 ಪ್ಯಾಲೆಟ್ಟುಗಳಲ್ಲಿ ಕೂತಿದ್ದವು.

ಪ್ರೊಡಕ್ಷನ್ ಮ್ಯಾನೇಜರ್: ಸುಮ್ಮನಿರೋಣ, ಮುರಿಯುವುದಿದ್ದರೆ ಇಷ್ಟರಲ್ಲಿ ಮುರಿದಿರುತ್ತಿತ್ತು. ಇದು ಪೂರ್ತಿ ಮೂರ್ಖ ಮಾತಲ್ಲ, ಹೈಡ್ರೋಜನ್ನಿನಿಂದ ಮುರಿಯುವ ಬೋಲ್ಟುಗಳಲ್ಲಿ ಹೆಚ್ಚಿನವು ಬಿಗಿದ ಒಂದೆರಡು ದಿನದಲ್ಲೇ ಮುರಿಯುತ್ತವೆ. ಆದರೆ ಹೆಚ್ಚಿನವು ಎಂದರೆ ಎಲ್ಲವೂ ಅಲ್ಲ. ಸಾಲದ್ದಕ್ಕೆ ಹೋದ ವಾರ ಹಾಕಿದ ಪ್ಯಾಲೆಟ್ಟುಗಳೂ ಇದ್ದವು.

ವಕೀಲರು: ಬರವಣಿಗೆಯಲ್ಲಿ ಏನೂ ಕೊಡಬೇಡಿ. ಅವರ ಭಯಕ್ಕೂ ಆಧಾರವಿತ್ತು. ಉತ್ಪನ್ನ ಹೊಣೆಗಾರಿಕೆಯ ವಿಮಾ ಪಾಲಿಸಿಗಳಲ್ಲಿ, ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಎಂಬ ಷರತ್ತು ಸಾಮಾನ್ಯ.

ಸ್ಥಾಪಕರದು ಮಧ್ಯದ ದಾರಿ: ‘ಮಾಲು ಬದಲಾಯಿಸಿಕೊಡೋಣ, ನಮ್ಮ ಖರ್ಚಿನಲ್ಲಿ. ಕೋಟಿಂಗ್ ಅಪ್‌ಗ್ರೇಡ್ ಅಂತ ಹೇಳೋಣ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.’

ಎಲ್ಲರಿಗೂ ಹಾಯೆನಿಸಿತು. ಎಂ.ಡಿ.ಗೂ. ಬೋಲ್ಟೂ ಬದಲಾಗುತ್ತದೆ, ಗ್ರಾಹಕನೂ ಉಳಿಯುತ್ತಾನೆ, 58 ಮನೆಗಳ ಒಲೆಯೂ ಉರಿಯುತ್ತದೆ. ಬುಧವಾರ ಬೆಳಗ್ಗೆ ಆ ಪ್ರಕಾರ ಮೇಲ್ ಹೋಯಿತು. ಮಧ್ಯಾಹ್ನದೊಳಗೆ ಸ್ಟೋರಿನ 940 ಬೋಲ್ಟ್ ತುಟಿಪಿಟಕ್ಕೆನ್ನದೆ ವಾಪಸ್ ಬಂದವು. ಈ ಸುಲಭದ ಗೆಲುವೇ ಎಲ್ಲರನ್ನೂ ಮಂಕಾಗಿಸಿತು.

ಅದೇ ಸಂಜೆ ನಾಲ್ಕಕ್ಕೆ ಎಂಜಿನಿಯರ್ ಮೂರೂ ಲಾಟಿನಿಂದ 30ರಂತೆ ತೆಗೆದು, ತಲೆಯ ಕೆಳಗೆ ಬೆಣೆ ವಾಷರ್ ಇಟ್ಟು ಬಿಗಿದು 48 ಗಂಟೆಯ ಪರೀಕ್ಷೆ ಶುರು ಮಾಡಿದ್ದ.

ಗುರುವಾರ ಹನ್ನೊಂದಕ್ಕೆ ಗ್ರಾಹಕನ ಪರ್ಚೇಸ್ ವಿಭಾಗದಿಂದ ಉತ್ತರ ಬಂತು: ಅಪ್‌ಗ್ರೇಡಿಗೆ ಧನ್ಯವಾದ, ಹಾಕಿರುವ ಬೋಲ್ಟುಗಳನ್ನು ಮುಂದಿನ ತ್ರೈಮಾಸಿಕ ಸರ್ವಿಸ್ ವೇಳೆ ಬದಲಿಸುತ್ತೇವೆ.

ಮೂರು ತಿಂಗಳು! ಅವರ ಕಡೆಯಿಂದ ನೋಡಿದರೆ ಉತ್ತರ ಸರಿಯಾಗೇ ಇದೆ. ಅಪ್‌ಗ್ರೇಡಿಗೆ ಯಾರು ಭಾನುವಾರ ಕೆಲಸ ಮಾಡುತ್ತಾರೆ? ಬೇಗ ಮಾಡಿ ಎಂದು ಒತ್ತಾಯಿಸಿದರೆ ಯಾಕೆ ಎಂದು ಕೇಳುತ್ತಾರೆ. ಆಗ ಒಂದೋ ನಿಜ ಹೇಳಬೇಕು, ಇಲ್ಲ ಇನ್ನೊಂದು ಸುಳ್ಳು ಹೊಸೆಯಬೇಕು. ಅರ್ಧ ಸತ್ಯ ಎಂದರೆ ಸತ್ಯಕ್ಕೂ ಸುಳ್ಳಿಗೂ ನಡುವಿನ ರಾಜಿ ಎಂದು ಮಂಗಳವಾರ ಆ ನಾಲ್ವರೂ ನಂಬಿದ್ದರು. ಅದು ಕಿತ್ತುಕೊಂಡದ್ದು ಎದುರಿನವರ ಅವಸರವನ್ನು. ಬೋಲ್ಟ್ ಬಿಚ್ಚುವ ಕೈ ಗ್ರಾಹಕನದು, ಕೆಳಗೆ ಕಾರು ನಿಲ್ಲಿಸುವವರು ಅಪಾರ್ಟ್‌ಮೆಂಟಿನವರು. ಅವಸರ ಬೇಕಾದ ಈ ಇಬ್ಬರಿಗೂ ಅವಸರ ಯಾಕೆಂದು ಗೊತ್ತಿಲ್ಲ. ಗೊತ್ತಿರುವವರ ಕೈಯಲ್ಲಿ ಸ್ಪ್ಯಾನರ್ ಇಲ್ಲ.

ಗುರುವಾರ ಸಂಜೆ ಆರಕ್ಕೆ, ಬಿಗಿದ 26 ಗಂಟೆಗೆ, ಎರಡನೇ ಲಾಟಿನ ಎರಡು ತಲೆ ಹಾರಿದವು. ಮೊದಲ ಲಾಟಿನಲ್ಲಿ ಒಂದೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಹಾಗಾದರೆ ಎರಡನೇ ಲಾಟ್ ಮಾತ್ರ ಹೇಳಿದರಾಯಿತು ಎಂದರು ಮ್ಯಾನೇಜರ್. ಎಂಜಿನಿಯರ್ ಬೋರ್ಡಿನ ಮೇಲೆ ಒಂದು ಸಣ್ಣ ಲೆಕ್ಕ ಬರೆದ: 30ರಲ್ಲಿ ಸೊನ್ನೆ ಮುರಿದರೆ, 3 ಭಾಗಿಸು 30, ಅಂದರೆ ನೂರಕ್ಕೆ ಹತ್ತರವರೆಗೆ ಕೆಟ್ಟವು ಇದ್ದರೂ ಇರಬಹುದು. ಶೇ. 95 ಭರವಸೆಯಿಂದ ಹೇಳಬಹುದಾದ್ದು ಅಷ್ಟೇ. ಸೊನ್ನೆ ಎಂದರೆ ದೋಷವಿಲ್ಲ ಎಂದಲ್ಲ. ತಾಂತ್ರಿಕ ತಿಳಿವಳಿಕೆ ನೀತಿಯ ಪ್ರಶ್ನೆಗೆ ನೇರವಾಗಿ ಒದಗಿದ ಕ್ಷಣ ಇದು. ಆ ಲೆಕ್ಕ ಬೋರ್ಡಿನ ಮೇಲೆ ಇಲ್ಲದಿದ್ದರೆ ಎರಡು ಲಾಟ್ ಮುಚ್ಚಿಹೋಗುತ್ತಿದ್ದವು.

ಎಂ.ಡಿ. 48 ಗಂಟೆ ಮುಗಿಯಲೆಂದು ಕಾಯಲಿಲ್ಲ. ಅಪ್ಪನಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ಮೇಲಿನ ಪ್ಯಾಲೆಟ್ಟಿನ ಕೆಳಗೆ ನಮ್ಮ ಕಾರು ನಿಲ್ಲಿಸ್ತಿದ್ರೆ, ಮೂರು ತಿಂಗಳು ಕಾಯ್ತಿದ್ರಾ?’ ಅವರು ಉತ್ತರ ಕೊಡಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಶುಕ್ರವಾರದ ಪತ್ರ

ಈ ಪತ್ರವನ್ನು ಬಿಡಿಸಿ ನೋಡಬೇಕು. ಇಂಥ ಹೊತ್ತಿನಲ್ಲಿ ಎಲ್ಲರೂ ಎಡವುವುದು ಪತ್ರದಲ್ಲೇ: ಒಂದೋ ಕ್ಷಮೆಯ ಪ್ರವಾಹ, ಇಲ್ಲ ವಕೀಲರ ಮಂಜು.

ಬೆಳಗ್ಗೆ ಏಳಕ್ಕೆ ಮೊದಲ ಮೇಲ್ ವಿಮಾ ಕಂಪನಿಗೆ ಹೋಯಿತು, ಘಟನೆಯ ಸೂಚನೆ ಎಂದು. ಏಳೂವರೆಗೆ ಗ್ರಾಹಕನ ಕ್ವಾಲಿಟಿ ಮುಖ್ಯಸ್ಥರಿಗೆ ಫೋನ್. ಪತ್ರಕ್ಕಿಂತ ಮೊದಲು ಫೋನ್, ಮೊದಲ ವಾಕ್ಯದಲ್ಲೇ ಮಾಡಬೇಕಾದ ಕೆಲಸ: ‘ಮೇಲಿನ ಪ್ಯಾಲೆಟ್ಟಿನ ಕಾರುಗಳನ್ನು ಇಳಿಸಿಬಿಡಿ, ಕೆಳಗೆ ಯಾರೂ ನಿಲ್ಲಬಾರದು, ಭಾರ ಇರುವಾಗ ಬೋಲ್ಟ್ ಬಿಚ್ಚಬೇಡಿ.’ ಕಾರಣ ಆಮೇಲೆ. ಒಂಬತ್ತಕ್ಕೆ ಪತ್ರ. ಅದರಲ್ಲಿ ಲಾಟ್ ನಂಬರ್, ಹೀಟ್ ನಂಬರ್ (ಉಕ್ಕು ಕರಗಿಸಿದ ಸರದಿಯ ಗುರುತು), ಚಲನ್ ನಂಬರ್, ಯಾವ ತಾರೀಖಿಗೆ ಎಷ್ಟು. ಖಚಿತವಾಗಿ ಗೊತ್ತಿರುವುದು, ಗೊತ್ತಿಲ್ಲದಿರುವುದು, ಗೊತ್ತಾಗಲು ಎಷ್ಟು ದಿನ ಬೇಕು. ಮಂಗಳವಾರದಿಂದ ತಿಳಿದಿದ್ದರೂ ಬುಧವಾರ ‘ಅಪ್‌ಗ್ರೇಡ್’ ಎಂದು ಬರೆದದ್ದು ಸರಿಯಲ್ಲ ಎಂಬ ಒಂದು ಸಾಲು. ಹೊಣೆ ಯಾರದು, ನಷ್ಟ ಎಷ್ಟು ಎಂಬ ಮಾತೇ ಇಲ್ಲ. ಸಂಗತಿ ಹೇಳುವುದು ಬೇರೆ, ಹೊಣೆ ಒಪ್ಪುವುದು ಬೇರೆ. ವಕೀಲರು ಈ ಗೆರೆಯನ್ನು ಮಂಗಳವಾರವೇ ತೋರಿಸಬಹುದಿತ್ತು, ಕೇಳಿದವರು ಯಾರೂ ಇರಲಿಲ್ಲ. ಅವರಿಗೆ ಕೇಳಿದ್ದು ‘ಹೇಳಬೇಕಾ?’ ಎಂದು. ‘ಹೇಗೆ ಹೇಳಬೇಕು?’ ಎಂದು ಕೇಳಿದಾಗ ಅದೇ ವಕೀಲರು ಒಂದು ಗಂಟೆಯಲ್ಲಿ ಒಳ್ಳೆಯ ಕರಡು ಕೊಟ್ಟರು. ಅದರ ಜೊತೆಗೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಯಾರಕ ಎಂದರೆ ಬಿಡಿಭಾಗ ತಯಾರಿಸಿದವನೂ ಸೇರುತ್ತಾನೆ ಎಂಬುದನ್ನೂ ನೆನಪಿಸಿದರು.

ಪತ್ರ ಹೋದ ಮೇಲೆ ಎಂ.ಡಿ. ಮುರಿದ ತಲೆಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು, ನೈಸ್ ರಸ್ತೆ ಹಿಡಿದು ಗ್ರಾಹಕನ ಕಾರ್ಖಾನೆಗೆ ಹೋದರು. ಅಲ್ಲಿ ಎರಡು ಗಂಟೆ ಯಾರೂ ನೀರು ಕೂಡ ಕೊಡಲಿಲ್ಲವಂತೆ.

ಆದದ್ದು

ಮಧ್ಯಾಹ್ನದೊಳಗೆ 19 ಅಸೋಸಿಯೇಷನ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಸೂಚನೆ ಹೋಯಿತು. ಶನಿವಾರ ರಾತ್ರಿಯೊಳಗೆ 305ರಲ್ಲಿ 297 ಪ್ಯಾಲೆಟ್ ಖಾಲಿ. ಬೆಂಗಳೂರಿನಲ್ಲಿ ರಾತ್ರೋರಾತ್ರಿ 297 ಕಾರಿಗೆ ರಸ್ತೆಬದಿ ಜಾಗ ಹುಡುಕುವುದೆಂದರೆ ಏನೆಂದು ಹೇಳಬೇಕಿಲ್ಲ, ಬೈಗುಳಕ್ಕೆ ಬರವಿರಲಿಲ್ಲ. ಉಳಿದ ಎಂಟರ ಮಾಲೀಕರು ಊರಲ್ಲಿರಲಿಲ್ಲ. ಅವಕ್ಕೆ ಕೆಳಗಿನಿಂದ ಉಕ್ಕಿನ ಆನಿಕೆ ಕೊಟ್ಟು ಸುತ್ತ ಹಗ್ಗ ಕಟ್ಟಿದರು. ಹೊಸ ಬೋಲ್ಟ್ 12.9 ಅಲ್ಲ, 10.9 ಗ್ರೇಡಿಗೆ ಇಳಿಸಿದ್ದು, ಮೇಲೆ ಜಿಂಕ್ ಫ್ಲೇಕ್ ಎಂಬ ಬೇರೆ ಬಗೆಯ ಲೇಪನ. ಅದರಲ್ಲಿ ವಿದ್ಯುತ್ ತೊಟ್ಟಿಯೇ ಇಲ್ಲ, ಹಾಗಾಗಿ ಹೈಡ್ರೋಜನ್ ಒಳಗೆ ಇಳಿಯುವ ದಾರಿ ಬಹುಪಾಲು ಮುಚ್ಚಿದಂತೆ. ಭಾರದ ಲೆಕ್ಕ ಹಾಕಿದರೆ 10.9 ಮೊದಲಿನಿಂದಲೂ ಸಾಕಾಗುತ್ತಿತ್ತು. ಗಟ್ಟಿಯಾದಷ್ಟೂ ಒಳ್ಳೆಯದೆಂಬ ಭ್ರಮೆಯಲ್ಲಿ 12.9 ಬರೆದವರು ಗ್ರಾಹಕನ ಡಿಸೈನರು. ಬದಲಾವಣೆಗೆ 16 ದಿನ ಹಿಡಿಯಿತು.

ಬಿಚ್ಚಿದ 1,220ರಲ್ಲಿ ಮೂರಕ್ಕೆ ತಲೆ ಇರಲಿಲ್ಲ. ಮೂರೂ ಬೇರೆ ಬೇರೆ ಪ್ಯಾಲೆಟ್ಟಿನವು, ಉಳಿದ ಮೂರು ಮೂರು ಬೋಲ್ಟ್ ಭಾರ ಹೊತ್ತಿದ್ದವು. ಪ್ರೊಡಕ್ಷನ್ ಮ್ಯಾನೇಜರ್ ಇದನ್ನು ‘ನೋಡಿ, ಏನೂ ಆಗ್ತಿರಲಿಲ್ಲ’ ಎಂದು ಓದಿದರು. ಎಂಜಿನಿಯರ್ ಓದಿದ್ದು ಬೇರೆ ಥರ.

ಕಾರಣ ವಿಶ್ಲೇಷಣೆಯ 8-ಡಿ ವರದಿಯಲ್ಲಿ ವಾಟ್ಸಾಪ್ ಸಂದೇಶದ ಸಂಗತಿ ಹಾಕಬೇಕೇ ಎಂಬ ಜಗಳ ಎರಡು ದಿನ ನಡೆಯಿತು. ಕೊನೆಗೆ ಹಾಕಿದರು. ಗ್ರಾಹಕನ ಕ್ವಾಲಿಟಿ ಮುಖ್ಯಸ್ಥರು, ಆ ಸಾಲು ಓದಿದ ಮೇಲೆ ಉಳಿದ ವರದಿ ನಂಬಿದೆ ಎಂದರು. ಅದೇ ಕಂಪನಿಯ ಪರ್ಚೇಸ್ ವಿಭಾಗ ಅದೇ ಸಾಲನ್ನು ಹಿಡಿದು, ತಪ್ಪು ನಿಮ್ಮದೇ ಎಂದ ಮೇಲೆ ಖರ್ಚು ಹಂಚಿಕೊಳ್ಳುವ ಮಾತಿಲ್ಲ ಎಂದು 31 ಲಕ್ಷದ ಡೆಬಿಟ್ ನೋಟ್ ಕಳಿಸಿತು. ಹತ್ತು ಕಂತು. ಯಾರಿಗೂ ಗಾಯವಾಗಿಲ್ಲ, ಮಾಲು ವಾಪಸ್ ಕರೆಸಿದ ಖರ್ಚು ಪಾಲಿಸಿಯಲ್ಲಿಲ್ಲ ಎಂದು ವಿಮೆಯವರು ಕೈ ತೊಳೆದುಕೊಂಡರು. ಇಂಥ ಪಾಲಿಸಿಗಳಲ್ಲಿ ಆ ಖರ್ಚು ಸಾಮಾನ್ಯವಾಗಿ ಹೊರಗೇ ಇರುತ್ತದೆ. ಮುಂದಿನ ವರ್ಷ ಗ್ರಾಹಕನ ಪಾಲು ಶೇ. 40ರಿಂದ 23ಕ್ಕೆ ಇಳಿಯಿತು. ಈ ಬೋಲ್ಟಿಗೆ ಸಂಬಂಧವೇ ಇಲ್ಲದ ಇನ್ನೊಬ್ಬ ಗ್ರಾಹಕ ಗಾಳಿಮಾತು ಕೇಳಿ ಆರ್ಡರ್ ಬೇರೆ ಕಡೆ ತಿರುಗಿಸಿದ.

ಪ್ರಾಮಾಣಿಕತೆಯ ಬಿಲ್ಲು ಯಾರ ಜೇಬಿನಿಂದ ಹೋಯಿತು ಎಂಬುದನ್ನೂ ಬರೆಯಬೇಕು. ಅಪ್ಪ ಮಗಳು ಎಂಟು ತಿಂಗಳು ಸಂಬಳ ತೆಗೆದುಕೊಳ್ಳಲಿಲ್ಲ. ಆದರೆ ಪ್ರತಿವರ್ಷ ಆಯುಧಪೂಜೆಗೆ ಮುಂಚೆ ಶೇ. 15 ಬೋನಸ್ ಪಡೆಯುತ್ತಿದ್ದ ಕಾರ್ಮಿಕರಿಗೂ ಆ ಸಲ ಸಿಕ್ಕಿದ್ದು ಕಾನೂನಿನ ಕನಿಷ್ಠ, ಶೇ. 8.33. ಓವನ್ ಕೆಟ್ಟದ್ದರಲ್ಲಿ ಅವರ ಪಾತ್ರವೇನೂ ಇರಲಿಲ್ಲ. ಎಂ.ಡಿ. ಎಲ್ಲರನ್ನೂ ಕೂರಿಸಿ ಲೆಕ್ಕ ತೋರಿಸಿದರು. ಇಬ್ಬರು ಆಪರೇಟರುಗಳು ಮುಂದಿನ ತಿಂಗಳು ಬಿಟ್ಟು ಹೋದರು.

ಕ್ವಾಲಿಟಿ ಎಂಜಿನಿಯರ್‌ಗೆ ಶಿಕ್ಷೆಯಾಗಲಿಲ್ಲ. ಮ್ಯಾನೇಜರ್‌ಗೂ ಆಗಲಿಲ್ಲ, ರವಾನೆಯ ತಾರೀಖು ಒಪ್ಪಿಕೊಳ್ಳುವ ಅಧಿಕಾರ ಮಾತ್ರ ಅವರ ಕೈತಪ್ಪಿತು. ಪ್ಲೇಟಿಂಗ್ ಘಟಕದ ಮೇಲೆ ಪೊಲೀಸ್ ದೂರು ಕೊಡಬೇಕೆಂದು ಮ್ಯಾನೇಜರ್ ಪಟ್ಟು ಹಿಡಿದಿದ್ದರು. ಎಂ.ಡಿ. ಮೊದಲು ಬಾಕಿ ಚುಕ್ತಾ ಮಾಡಿದರು, ಗಡಸು ಸಾಮಾನು ಆ ಘಟಕಕ್ಕೆ ಕೊಡುವುದನ್ನು ನಿಲ್ಲಿಸಿದರು, ಬೇಕಿಂಗ್ ಬೇಕಿಲ್ಲದ ಮೆತ್ತನೆ ಉಕ್ಕಿನ ಬ್ರಾಕೆಟ್ಟುಗಳನ್ನು ಮುಂದುವರಿಸಿದರು.

ಇಡೀ ಪ್ರಕರಣದಲ್ಲಿ ಸರಿಹೋಗದ ಭಾಗ ಇರುವುದು ಇಲ್ಲೇ. ಆ ಓವನ್ ಎರಡು ತಿಂಗಳು ಕೆಟ್ಟಿತ್ತು. ಆ ಘಟಕಕ್ಕೆ ಮಾಲು ಕೊಡುವ ಬೇರೆ ಗಿರಾಕಿಗಳು ಹನ್ನೊಂದು. ‘ನಾನೇ ಹೇಳ್ತೀನಿ ಮೇಡಂ’ ಎಂದ ಮಾಲೀಕನ ಮಾತನ್ನು ಎಂ.ಡಿ. ನಂಬಿ ಬಿಟ್ಟರು. ಅವನು ಹೇಳಿದನೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಹನ್ನೊಂದು ಫೋನ್ ಕರೆ, ಒಂದು ಮಧ್ಯಾಹ್ನದ ಕೆಲಸ. ಸ್ವಂತ ಗ್ರಾಹಕನ ಮುಂದೆ ಅಷ್ಟು ಧೈರ್ಯ ತೋರಿದವರು, ತಮ್ಮ ಹೆಸರಿಲ್ಲದ ಬೋಲ್ಟುಗಳ ವಿಷಯಕ್ಕೆ ಬಂದಾಗ ಮಂಗಳವಾರದ ಸಂಜೆಗೇ ಮರಳಿದರು. ಇನ್ನೊಂದು ತಪ್ಪು ಸೋಮವಾರ ಸಂಜೆಯದು: ‘ಖಚಿತವಾಗಿ ಗೊತ್ತಿಲ್ಲ, ಆದರೂ ಕಾರು ಇಳಿಸಿ’ ಎಂಬ ಫೋನಿಗೆ ಗೇಟಿನ ಪುಸ್ತಕವೇ ಸಾಕಿತ್ತು. ಕಾರಣ ಸಾಬೀತಾಗುವ ತನಕ ಎಚ್ಚರಿಕೆಯನ್ನು ತಡೆದಿಟ್ಟದ್ದರಿಂದ ನಾಲ್ಕು ರಾತ್ರಿ ಕಳೆದವು.

ಈಗಿನ ವ್ಯವಸ್ಥೆ ಸರಳ. ಬೇಕಿಂಗ್ ದರ ಪ್ಲೇಟಿಂಗ್ ದರದಿಂದ ಬೇರೆಯಾಗಿದೆ, ಬಿಲ್ಲು 30 ದಿನದಲ್ಲಿ ಪಾವತಿ. ಬೇಕಿಂಗ್ ಬೇಕಾದ ಕ್ರೇಟಿಗೆ ಕೆಂಪು ಟ್ಯಾಗ್. ಕೆಂಪು ಟ್ಯಾಗಿನ ಕ್ರೇಟು ಹೋದ ದಿನವೇ ವಾಪಸ್ ಬಂದರೆ ಒಳಗೆ ಬಿಡಬಾರದೆಂದು ಗೇಟಿನ ಸೆಕ್ಯೂರಿಟಿಗೆ ಲಿಖಿತ ಅಧಿಕಾರವಿದೆ. ಅದನ್ನು ಮೀರುವ ಅಧಿಕಾರ ಯಾರಿಗೂ ಇಲ್ಲ. ಒಂದು ಸಂಜೆ ಆರಕ್ಕೆ ಹೊಸ ಪ್ಲೇಟಿಂಗ್ ಘಟಕದಿಂದ ಟೆಂಪೋ ಬಂತು, ಕೆಂಪು ಟ್ಯಾಗಿನ ನಾಲ್ಕು ಕ್ರೇಟು, ಬೆಳಗ್ಗೆಯಷ್ಟೇ ಹೋದವು. ಅವಸರ ಮಾಡಿದ್ದವರು ಎಂ.ಡಿ.ಯೇ. ಗೇಟಿಗೆ ಫೋನ್ ಮಾಡಿ ಬಿಡಿ ಎಂದರು. ಸೆಕ್ಯೂರಿಟಿಯವರು ಪುಸ್ತಕದಲ್ಲಿ ಹೋದ ಸಮಯ, ಬಂದ ಸಮಯ ಬರೆದರು, ‘ಆಗಲ್ಲ ಮೇಡಂ’ ಎಂದರು, ಟೆಂಪೋ ತಿರುಗಿಸಿದರು.